ಮಹಾರಾಣಿಯ ಹಿತ್ತಾಳೆ ಎಲೆ

ನಾನು ಒಂದು ಹಿತ್ತಾಳೆಯ ಎಲೆ. ಅಂಗೈಯಗಲ ಮೈ, ಅಂಚಿನಲ್ಲಿ ಎರಡು ತೂತು, ಉಳಿದದ್ದೆಲ್ಲ ಅಕ್ಷರ. ಆ ಅಕ್ಷರಗಳಲ್ಲಿ ಒಂದೂ ನಿಜವಲ್ಲ. ಅವನ್ನು ಕೆತ್ತಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹುಟ್ಟಿದ್ದು ಮೌನಪ್ಪ ಪತ್ತಾರರ ಅಂಗಡಿಯಲ್ಲಿ. ಕೆಂಚನಗಡದ ಅರಮನೆಯ ದರ್ಬಾರ್ ಹಾಲಿನಲ್ಲಿ ರಾಜಮನೆತನದ ವಂಶವೃಕ್ಷದ ದೊಡ್ಡ ಹಲಗೆಯಿತ್ತು, ತಲೆಗೊಂದು ಎಲೆ. ರಾಜ್ಯ ಹೋಗಿ, ಬಿರುದುಗಳು ರದ್ದಾಗಿ ದಶಕಗಳು ಕಳೆದಿದ್ದರೂ ಎಲೆ ಹಚ್ಚುವುದು ನಿಂತಿರಲಿಲ್ಲ. ಮಹಾರಾಜ ಎನಿಸಿಕೊಂಡಿದ್ದ ಉದಯಭಾನು, ಕಾಲೇಜಿನಲ್ಲಿ ಜೊತೆಗೆ ಓದಿದ ಗಿರಿಜೆಯನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದ. ಆಕೆಯ ತಂದೆ ಈರಸಂಗಪ್ಪ ದನದ ದವಾಖಾನೆಯಲ್ಲಿ ಕಾಂಪೌಂಡರ್. ಉದಯಭಾನುವಿನ ತಾಯಿ, ರಾಜಮಾತೆ ಇಂದುಮತಿದೇವಿ, ಸೊಸೆಯನ್ನು ಒಪ್ಪಿದರು, ಬೀಗರನ್ನು ಒಪ್ಪಲಿಲ್ಲ.

ಅವರು ಕಳಿಸಿದ ಚೀಟಿಯಲ್ಲಿದ್ದದ್ದನ್ನೇ ಮೌನಪ್ಪ ನನ್ನ ಮೇಲೆ ಕೆತ್ತಿದರು: ‘ಶ್ರೀಮನ್ಮಹಾರಾಣಿ ಚಂದ್ರಪ್ರಭಾದೇವಿ, ಸರದಾರ ವೀರಸಂಗ್ರಾಮರಾಜೇ ಅವರ ಸುಪುತ್ರಿ.’ ಒಂದೇ ಸಾಲಿಗೆ ಮಗಳ ಹೆಸರೂ ಹೋಯಿತು, ಅಪ್ಪನ ಹೆಸರೂ ಹೋಯಿತು.

ಮದುವೆಯ ಹಿಂದಿನ ದಿನ ಈರಸಂಗಪ್ಪ ಹಲಗೆಯ ಮುಂದೆ ಬಂದು ನಿಂತರು. ಚಷ್ಮಾ ಒರೆಸಿಕೊಂಡು ನನ್ನನ್ನು ಎರಡು ಸಲ ಓದಿದರು.

“ನಾಳೆ ಬ್ಯಾರೆ ಸಂಸ್ಥಾನದವರು ಬರ್ತಾರ, ಬೀಗರ,” ಎಂದರು ಇಂದುಮತಿದೇವಿ. “ಯಾರರ ಕೇಳಿದ್ರ ಹೆಚ್ಚು ಮಾತಾಡಬ್ಯಾಡ್ರಿ.”

“ಅಕ್ಷರ ಚಲೋ ಬಿದ್ದಾವ್ರಿ,” ಎಂದರು ಈರಸಂಗಪ್ಪ. ಅಷ್ಟೇ. ಆಮೇಲೆ ಆ ಹಾಲಿಗೆ ಅವರು ಕಾಲಿಡಲಿಲ್ಲ.

ಈ ಸುಳ್ಳು ಹೆಸರು ಯಾಕೆಂದು ಗಿರಿಜೆ ಆ ಸಂಜೆಯೇ ಉದಯಭಾನುವನ್ನು ಕೇಳಿದಳು. “ಅವ್ವಾರಿಗೆ ಬ್ಯಾಸರಾಗ್ತದ, ಸದ್ಯಕ್ಕ ಇರ್ಲಿ ಬಿಡು,” ಎಂದ ಅವನು. ಆ ಸದ್ಯ ಹನ್ನೊಂದು ವರ್ಷ ನಡೆಯಿತು. ಬಂದ ಅತಿಥಿಗಳಿಗೆಲ್ಲ ರಾಜಮಾತೆ ನನ್ನನ್ನು ಬೆರಳಿಟ್ಟು ತೋರಿಸುತ್ತಿದ್ದರು. ಸರದಾರರ ಕುದುರೆಗಳು, ಸರದಾರರ ಬೇಟೆ ಎಂದು ಕಥೆ ಬೆಳೆಯುತ್ತಲೇ ಹೋಯಿತು. ಪಕ್ಕದಲ್ಲಿ ನಿಂತ ಗಿರಿಜೆ ಸೆರಗಿನ ತುದಿ ಸುತ್ತುತ್ತಿದ್ದಳು. ಅವಳ ಮೇಲೂ ನನಗೆ ಸಿಟ್ಟು ಬರುತ್ತಿತ್ತು.

ಈರಸಂಗಪ್ಪ ತೀರಿಕೊಂಡರು. ಮೂರನೆಯ ದಿನ ಗಿರಿಜೆ ತವರಿನಿಂದ ನೇರ ದರ್ಬಾರ್ ಹಾಲಿಗೆ ಬಂದಳು. ಕೈಯಲ್ಲಿ ಪೇಪರ್ ಇತ್ತು, ಸ್ಕ್ರೂ ಡ್ರೈವರ್ ಇತ್ತು.

“ಅಪ್ಪ ಸತ್ತ ಸುದ್ದಿ ಪೇಪರಿನ್ಯಾಗ ಯಾರ ಹೆಸರಿಲೆ ಹಾಕ್ಸೀರಿ?” ಎಂದು ಅತ್ತೆಯನ್ನು ಕೇಳಿದಳು. “ಸರದಾರ ವೀರಸಂಗ್ರಾಮರಾಜೇ ನಿಧನ ಅಂದ್ರ ಯಾರಿಗೆ ತಿಳೀಬೇಕು? ಇಪ್ಪತ್ತು ಹಳ್ಳಿ ದನ ಬದುಕಿಸಿದಾಂವ ನಮ್ಮಪ್ಪ. ಮಣ್ಣಿಗೆ ಓಣಿ ಮಂದಿ ಬಿಟ್ರ ಯಾರೂ ಬರಲಿಲ್ಲ. ಇವತ್ತು ಒಬ್ಬೊಬ್ರ ಬಂದು, ನಮಗ್ಯಾಕ ಹೇಳಲಿಲ್ಲ ಅಂತ ನನ್ನ ಕೇಳಾಕತ್ಯಾರ.”

ಗಿರಿಜೆ ಕುರ್ಚಿ ಎಳೆದಳು.

“ಮಹಾರಾಣಿ ಹಿಂಗ ಕುರ್ಚಿ ಹತ್ತತಾಳೇನು?” ಎಂದರು ರಾಜಮಾತೆ.

“ಕಾಂಪೌಂಡರ್ ಮಗಳು ಹತ್ತತಾಳ್ರಿ.”

ಎರಡು ಸ್ಕ್ರೂ ಬಿಚ್ಚಿದಳು. ಉದಯಭಾನು ಬಾಗಿಲಲ್ಲಿ ನೆಲ ನೋಡುತ್ತ ನಿಂತಿದ್ದ. ಅವನನ್ನು ದಾಟಿಕೊಂಡು, ನನ್ನನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು.

ಗುಜರಿ ಅಂಗಡಿಯವನು ನನ್ನನ್ನು ಬೆಳಕಿಗೆ ಹಿಡಿದು ಓದಿದ. “ಯಾರ್ರೀ ಅಕ್ಕಾರ ಈ ಸರದಾರ?”

“ಅಂಥಾವ್ರು ಯಾರೂ ಹುಟ್ಟಿಲ್ಲ. ಕರಗಿಸಿಬಿಡ್ರಿ.”

ಈಗ ಮುರಿದ ನಲ್ಲಿ, ತೂತು ಬಿದ್ದ ಕೊಡಗಳ ನಡುವೆ ಬಿದ್ದಿದ್ದೇನೆ. ನಾಳೆ ಕುಲುಮೆ. ಪಕ್ಕದಲ್ಲೊಂದು ನೆಗ್ಗಿದ ತಂಬಿಗೆಯಿದೆ. ಅದರ ಕಂಠದಲ್ಲಿ ಸೊಟ್ಟ ಅಕ್ಷರ: ‘ನೀಲವ್ವಗೆ ಅಣ್ಣ ಫಕೀರಪ್ಪನ ಉಡುಗೊರೆ.’ ನೀಲವ್ವ ಎಂಬವಳಿದ್ದಳು, ಫಕೀರಪ್ಪನೂ ಇದ್ದ. ಅದರ ಜೊತೆ ಒಂದೇ ಮೂಸೆಯಲ್ಲಿ ಕರಗಬೇಕಲ್ಲ ಎಂದು ನನಗೆ ನಾಚಿಕೆಯಾಗುತ್ತಿದೆ.