ತಾಯಿಯ ಕಾರ್ಡು

ಮೂವತ್ತೊಂದು ವರ್ಷ ಹಸುಗೂಸುಗಳ ರಕ್ತ ನೋಡಿಯೇ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಮಗು ಹುಟ್ಟಿದ ಎರಡನೆಯ ದಿನ ಹಿಮ್ಮಡಿಗೆ ಸೂಜಿ ಚುಚ್ಚಿ, ದಪ್ಪ ಕಾಗದದ ಕಾರ್ಡಿನ ಮೇಲೆ ನಾಲ್ಕು ತೊಟ್ಟು ರಕ್ತ ಒಣಗಿಸಿ ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ಹುಟ್ಟಿನಿಂದಲೇ ಬಂದ ರೋಗವನ್ನು, ಅದು ತಲೆ ಎತ್ತುವ ಮೊದಲೇ ಹಿಡಿಯುವುದು ನಮ್ಮ ಕೆಲಸ. ಇಲ್ಲಿ ಅವಸರ ಕೂಡದು ಎಂದು ಕಿರಿಯರ ಕಿವಿ ಕೊರೆಯುತ್ತಿದ್ದ ನಾನೇ ಆ ಸೋಮವಾರ ಕುರ್ಚಿಯಲ್ಲಿ ಐದು ನಿಮಿಷ ಕೂರಲಾರದೆ ಒದ್ದಾಡುತ್ತಿದ್ದೆ.

ಕಾರಣ ನನ್ನ ಮೊಮ್ಮಗಳು. ಹುಟ್ಟಿ ಹದಿನೆಂಟು ದಿನ. ಅವಳ ಮೊದಲ ಕಾರ್ಡಿನಲ್ಲಿ ಕಾರ್ನಿಟಿನ್ ತೀರ ಕಡಿಮೆ ಬಂದಿತ್ತು. ಕಾರ್ನಿಟಿನ್ ಎಂದರೆ ಕೊಬ್ಬನ್ನು ಜೀವಕೋಶದ ಒಲೆಯವರೆಗೆ ಹೊತ್ತು ಹಾಕುವ ಕೂಲಿಯಾಳು. ಆ ಆಳು ಇಲ್ಲದ ಮೈ ಒಂದು ಹೊತ್ತು ಉಪವಾಸ ಬಿದ್ದರೂ ನಿತ್ರಾಣವಾಗುತ್ತದೆ; ಕೆಲವರಲ್ಲಿ ಹೃದಯ ನಿಂತ ಮೇಲೆಯೇ ರೋಗದ ಹೆಸರು ತಿಳಿಯುತ್ತದೆ. ಮಗುವಿನ ಎರಡನೆಯ ಕಾರ್ಡು ಅಂದು ಯಂತ್ರದೊಳಗೆ ಹೋಗಿತ್ತು.

ಯಂತ್ರದ ಹತ್ತಿರ ಸುಳಿಯಬೇಡಿ ಎಂದು ಜರಡಿ ನನಗೆ ಅಪ್ಪಣೆ ಮಾಡಿದ್ದಳು. ಜರಡಿ ನಮ್ಮ ಹಿರಿಯ ತಂತ್ರಜ್ಞೆ. ಅವಳ ಕಣ್ಣು ತಪ್ಪಿಸಿ ಒಂದು ಕೆಟ್ಟ ಕಾರ್ಡೂ ದಾಟಿದ್ದಿಲ್ಲ, ಅದಕ್ಕೇ ಆ ಅಡ್ಡಹೆಸರು. ಮನೆಯವರ ಕಾರ್ಡನ್ನು ಮನೆಯವರು ಮುಟ್ಟಬಾರದು ಎಂಬ ನಿಯಮ ಬರೆದವಳೇ ನಾನು, ಇನ್ನು ಯಾರ ಮೇಲೆ ಸಿಟ್ಟು ಮಾಡಲಿ? ಕಾರಿಡಾರಿನಲ್ಲಿ ಶತಪಥ ಹಾಕಿದೆ. ಫ್ರಿಜ್ಜಿನ ಉಷ್ಣಾಂಶ ಬರೆದೆ, ಹತ್ತು ನಿಮಿಷ ಬಿಟ್ಟು ಮತ್ತೆ ಬರೆದೆ. ಮಗಳಿಗೆ ಫೋನ್ ಮಾಡಿ ಮಗು ಹಾಲು ಕುಡಿಯಿತಾ ಎಂದು ಬೆಳಗಿನಿಂದ ನಾಲ್ಕನೆಯ ಸಲ ಕೇಳಿದೆ. ಅಳಿಯ ಫೋನ್ ಇಸಿದುಕೊಂಡು, ಅವಳು ಕುಡಿದದ್ದು ಸಾಲದೆ ನನ್ನ ಅಂಗಿಗೂ ಕುಡಿಸಿದ್ದಾಳೆ ಅತ್ತೆ ಎಂದ. ಆ ಹೊತ್ತಿನಲ್ಲಿ ಅವನ ತಮಾಷೆಗೆ ನನಗೆ ಮೈಯೆಲ್ಲ ಉರಿಯಿತು.

ಹನ್ನೊಂದೂವರೆಗೆ ಜರಡಿ ಹಾಳೆ ತಂದಳು. ಮಗುವಿನ ಅಂಕಿ ಚೆನ್ನಾಗಿ ಏರಿತ್ತು; ಭಯಪಡುವಂಥದ್ದು ಏನೂ ಉಳಿದಿರಲಿಲ್ಲ. ನಾನು ಮೇಜು ಹಿಡಿದು ನಿಂತೆ. ಅಳುವೂ ನಗುವೂ ಒಟ್ಟಿಗೇ ಬಂದವು. ಎಲ್ಲರಿಗೂ ಕಾಫಿ ತರಿಸಿ ಎಂದು ಕೂಗಿ ಹೇಳಿದೆ. ಜರಡಿ ಮಾತ್ರ ನಿಂತಲ್ಲಿಂದ ಕದಲಲಿಲ್ಲ.

“ಮೇಡಂ, ತಾಯಿ ಕಾರ್ಡ್ ಎಲ್ಲಿ?” ಎಂದಳು.

ಆ ಕಾರ್ಡನ್ನು ನಾನು ತರಿಸಿಯೇ ಇರಲಿಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಸಿಗುವುದು ತಾಯಿಯ ಕಾರ್ನಿಟಿನ್. ಅವಳಲ್ಲೇ ಇಲ್ಲದಿದ್ದರೆ ಮಗು ಬರಿಗೈಯಲ್ಲಿ ಹುಟ್ಟಿ, ಆಮೇಲೆ ತಾನಾಗಿ ಚೇತರಿಸಿಕೊಳ್ಳುತ್ತದೆ. ರೋಗ ಉಳಿಯುವುದು ತಾಯಿಯಲ್ಲಿ. ಆದ್ದರಿಂದ ಇಂಥ ಮಗುವಿನ ಜೊತೆ ತಾಯಿಯ ರಕ್ತವನ್ನೂ ತರಿಸಲೇಬೇಕು ಎಂದು ನಲವತ್ತು ಆಸ್ಪತ್ರೆಗಳಿಗೆ ಸುತ್ತೋಲೆ ಕಳಿಸಿದವಳು ನಾನು, ಮರೆತವರಿಗೆ ಸಭೆಯಲ್ಲೇ ಮಂಗಳಾರತಿ ಮಾಡಿದವಳೂ ನಾನೇ. ನಮ್ಮ ಮನೆಯಲ್ಲಿ ತಾಯಿ ಎಂದರೆ ನಾನು ಎಂಬುದು ತಲೆಯಲ್ಲಿ ಎಷ್ಟು ಬಲವಾಗಿ ಕೂತಿತ್ತೆಂದರೆ, ಈಗ ತಾಯಿಯಾದವಳು ನನ್ನ ಮಗಳು ಎಂದು ಹೊಳೆದೇ ಇರಲಿಲ್ಲ.

ಸೂಜಿ, ಕಾರ್ಡು ಚೀಲಕ್ಕೆ ತುರುಕಿಕೊಂಡು ಹೊರಟೆ. ಜರಡಿ ಚೀಲ ಕಿತ್ತುಕೊಂಡು ತಾನೂ ಕಾರು ಹತ್ತಿದಳು. ಮಗಳ ಬೆರಳು ಚುಚ್ಚಿದವಳು ಅವಳೇ. ಕಾರ್ಡು ಒಣಗಲು ಮೂರು ಗಂಟೆ ಬೇಕು. ಬಿಸಿಗಾಳಿ ಬಿಟ್ಟರೆ ಕೆಡುತ್ತದೆ, ಫ್ಯಾನಿನ ಕೆಳಗೆ ಇಡುವಂತಿಲ್ಲ. ಅಷ್ಟೂ ಹೊತ್ತು ಅದರ ಎದುರು ಎದ್ದು ಕೂತು ಎದ್ದು ಕೂತು ಸುಸ್ತಾದೆ.

ಮರುದಿನ ಬೆಳಿಗ್ಗೆ ಬಂದ ಅಂಕಿ, ದೊಡ್ಡವರಲ್ಲಿ ನಾನು ಈವರೆಗೆ ಕಂಡದ್ದರಲ್ಲೆಲ್ಲ ಕಡಿಮೆ. ಮಗಳು ಹುಟ್ಟಿದ ಕಾಲಕ್ಕೆ ಈ ಪರೀಕ್ಷೆ ಇರಲಿಲ್ಲ. ಅವಳಿಗೆ ಹತ್ತು ತುಂಬಿದ ಮೇಲೆ ಅದನ್ನು ನಾನೇ ಓಡಾಡಿ ಲ್ಯಾಬಿಗೆ ತಂದದ್ದು. ಊರಮಕ್ಕಳನ್ನೆಲ್ಲ ಪರೀಕ್ಷಿಸಿದೆ, ಮಗ್ಗುಲಲ್ಲಿ ಮಲಗಿದ್ದವಳನ್ನು ಬಿಟ್ಟೆ.

ಮಗಳಿಗೆ ಫೋನಿನಲ್ಲಿ ಎಲ್ಲವನ್ನೂ ಗಡಿಬಿಡಿಯಲ್ಲೇ ಒದರಿದೆ. ದಿನಕ್ಕೆ ಮೂರು ಸಲ ಒಂದು ಔಷಧಿ, ಇವತ್ತೇ ಹೃದಯದ ಪರೀಕ್ಷೆ, ಊಟ ತಪ್ಪಿಸುವಂತಿಲ್ಲ, ಹೆದರಬೇಡ.

“ಅಮ್ಮ, ಸ್ಕೂಲಲ್ಲಿ ಓಡ್ತಾ ಓಡ್ತಾ ಅರ್ಧಕ್ಕೇ ಕೂತುಬಿಡ್ತಿದ್ನಲ್ಲ,” ಎಂದಳು. “ಹಾಗಾದ್ರೆ ಅದು ಮೈಗಳ್ಳತನ ಅಲ್ವಾ?”

ಮೈಗಳ್ಳಿ ಎಂದು ನೆಂಟರ ಎದುರು ಅವಳನ್ನು ಆಡಿಕೊಂಡು ನಕ್ಕವಳು ನಾನು. ಅವಳಿಗೀಗ ಇಪ್ಪತ್ತೊಂಬತ್ತು ವರ್ಷ.

“ಅಲ್ಲ ಕಂದ. ನಿಂಗೆ ನಿಜವಾಗ್ಲೂ ಆಗ್ತಿರ್ಲಿಲ್ಲ. ನಾನೇ ನೋಡ್ಲಿಲ್ಲ.”

ಅವಳು ಅಳುತ್ತಿದ್ದಳು.

“ಇನ್ನೊಂದ್ ಸಲ ಹೇಳಮ್ಮ,” ಎಂದಳು.