ಒರೆಸದ ಲೆಕ್ಕ

“ಕಸ ಆಯೋರ ಮಗಳಿಗೆ ಗಣಿತದಲ್ಲಿ ಎಪ್ಪತ್ತೊಂದಾ? ಯಾರ ಪೇಪರ್ ನೋಡಿ ಗೀಚಿದ್ಯೇ, ಬೊಗಳು!”

ಹೆಡ್ಮಾಸ್ಟರು ತಯಾರಿ ಪರೀಕ್ಷೆಯ ಉತ್ತರಪತ್ರಿಕೆಯನ್ನು ನನ್ನ ಮಗಳ ಮೂಗಿಗೇ ಹಿಡಿದಿದ್ದರು. ಆಟದ ಹೊತ್ತು, ಕ್ಲಾಸಿನಲ್ಲಿ ನಾವು ಮೂವರೇ. ಹತ್ತನೇ ಕ್ಲಾಸಿನ ದೊಡ್ಡ ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು, ಅವಳ ಹಾಲ್ ಟಿಕೆಟ್ಟು ಅವರ ಜೇಬಿನಲ್ಲಿತ್ತು. ಪಾಸಾಗುವುದು ಅನುಮಾನ ಅನ್ನಿಸಿದ ಮಕ್ಕಳನ್ನು ಪರೀಕ್ಷೆಗೇ ಕೂರಿಸದಿದ್ದರೆ ಶಾಲೆಗೆ ನೂರಕ್ಕೆ ನೂರು ಫಲಿತಾಂಶ. ಆ ಪಟ್ಟಿಯಲ್ಲಿ ಮೊದಲ ಹೆಸರೇ ಇವಳದು.

ಹೋದ ವರ್ಷ ಹನ್ನೊಂದು ಬಂದಿತ್ತು, ಸುಳ್ಳಲ್ಲ. ಆಗಿನ್ನೂ ನಮ್ಮ ಶೆಡ್ಡಿಗೆ ಕಸ ಆಯುವವರ ಸಂಘದ ಟೀಚರ್ ಬರುತ್ತಿರಲಿಲ್ಲ. ನಾವು ಹೆಂಗಸರು ರದ್ದಿ ಕಾಗದ, ಪ್ಲಾಸ್ಟಿಕ್ಕು ಬೇರ್ಪಡಿಸುವ ಶೆಡ್ಡು ಅದು. ಸಂಜೆ ಮೂಟೆಗಳನ್ನು ಗೋಡೆಗೆ ಒತ್ತರಿಸಿ, ಮಕ್ಕಳನ್ನು ಕೂರಿಸಿಕೊಂಡು ಆಯಮ್ಮ ಎರಡು ಗಂಟೆ ಪಾಠ ಹೇಳುತ್ತಾಳೆ. ಕಾಗದ ಒದ್ದೆ ಅಂತ ರದ್ದಿ ಕೊಳ್ಳುವ ಸಾಹುಕಾರ ತೂಕದಲ್ಲಿ ನೂರಕ್ಕೆ ಇಷ್ಟು ಅಂತ ಮುರಿಯುತ್ತಾನಲ್ಲ, ಶೇಕಡಾ ಲೆಕ್ಕ ಶುರುವಾದದ್ದೇ ಅಲ್ಲಿಂದ. ಪಕ್ಕದಲ್ಲಿ ಕೂತು ನಾನೂ ಕಲಿತೆ.

“ಟೀಚರ್ ಕಾಗದ ಕೊಟ್ಟಿದ್ದಾರೆ ಸಾರ್. ದಿನಾ ಬಂದು ಓದ್ತಾಳೆ ಅಂತ ಬರೆದಿದ್ದಾರೆ,” ಅಂತ ಅದನ್ನು ಮೇಜಿನ ಮೇಲಿಟ್ಟೆ.

“ಕಸದ ಗುಡ್ಡೆ ಮೇಲೆ ಕೂತ್ಕೊಂಡು ಪಾಠ ಮಾಡೋರು ನಂಗೆ ಸರ್ಟಿಫಿಕೇಟ್ ಕೊಡ್ತಾರಾ?” ಎಂದು ಆ ಕಾಗದದ ಮೇಲೇ ಟೀ ಲೋಟ ಇಟ್ಟರು.

ಹನ್ನೊಂದು ಬಂದಾಗ ಯಾಕೆ ಅಂತ ಕೇಳಲು ಈ ಮನುಷ್ಯನಿಗೆ ಬಾಯಿರಲಿಲ್ಲ.

“ಕಾಪಿ ಹೊಡೀಲಿಲ್ಲ ಅಂದ್ರೆ ಇಲ್ಲೇ ಮಾಡು. ಆರುನೂರ ನಲವತ್ತರಲ್ಲಿ ಶೇಕಡಾ ಮೂವತ್ತೈದು ಎಷ್ಟೇ?”

ಮಗಳು ಸೀಮೆಸುಣ್ಣ ಎತ್ತಿಕೊಂಡಳು. ಬೋರ್ಡಿನ ಮೇಲೆ ಬರೆಯತೊಡಗಿದಳು. ಹತ್ತಕ್ಕೆ ಅರವತ್ತನಾಲ್ಕು. ಅದರ ಮೂರು ಪಟ್ಟು ನೂರ ತೊಂಬತ್ತೆರಡು. ಐದಕ್ಕೆ ಮೂವತ್ತೆರಡು. ಕೂಡಿದರೆ ಇನ್ನೂರ ಇಪ್ಪತ್ತನಾಲ್ಕು. ನಾನೂ ಮನಸ್ಸಿನಲ್ಲೇ ಮಾಡಿದ್ದೆ, ಸರಿಯಾಗಿತ್ತು.

ಹೆಡ್ಮಾಸ್ಟರು ಮೊಬೈಲಿನಲ್ಲಿ ಒತ್ತಿ ನೋಡಿದರು. ಮುಖ ಹುಳ್ಳಗಾಯಿತು.

“ಸೂತ್ರ ಎಲ್ಲಿ? ನಾವು ಹೇಳ್ಕೊಟ್ಟಿದ್ದು ಹೀಗಾ?”

“ಉತ್ತರ ಸರಿ ಇದೆ ಅಲ್ವಾ ಸಾರ್?” ಅಂದಳು ಮಗಳು.

“ಎದುರು ಮಾತಾಡ್ತೀಯೇನೇ, ದರಿದ್ರದವಳೇ! ಮುಂದಿನ ವರ್ಷ ಕಟ್ಟು, ಹೋಗು.” ಡಸ್ಟರನ್ನು ನನ್ನ ಕಾಲ ಬಳಿ ಎಸೆದರು. “ಒರೆಸೇ ಅದನ್ನ. ಊರವರ ಹೊಲಸು ಬಳಿಯೋದೇ ನಿನ್ನ ಕೆಲಸ ತಾನೇ?”

ಡಸ್ಟರ್ ಎತ್ತಿಕೊಂಡೆ. ಕಿಟಕಿಯವರೆಗೆ ಹೋಗಿ ಹೊರಗೆ ಬಿಸಾಡಿದೆ. ಸಾರ್ ಅನ್ನುವುದು ನಾಲಿಗೆಗೆ ಬರಲೇ ಇಲ್ಲ.

“ಹೊಲಸು ಅಂದ್ಯಲ್ಲ, ನಿನ್ನ ಕೈಯಾರೆ ನೀನೇ ಒರೆಸ್ಕೋ. ಹಾಲ್ ಟಿಕೆಟ್ ಕೈಗೆ ಬರೋವರೆಗೂ ನಾವು ಇಲ್ಲಿಂದ ಅಲ್ಲಾಡಲ್ಲ.”

ಬೋರ್ಡಿನ ಕೆಳಗೆ, ಅವರು ನಿಂತು ಪಾಠ ಮಾಡುವ ಜಾಗದಲ್ಲೇ ಚಕ್ಕಳಮಕ್ಕಳ ಹಾಕಿ ಕೂತೆ. ಮಗಳೂ ಪಕ್ಕದಲ್ಲಿ ಕೂತಳು.

ಅವರು ಬೋರ್ಡು ನೋಡಿದರು, ಒರೆಸಲು ಬೇರೇನೂ ಇಲ್ಲದೆ ತಮ್ಮ ಬಿಳಿ ಅಂಗಿಯ ತೋಳು ನೋಡಿಕೊಂಡರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಒಳಗೆ ನುಗ್ಗಿದ ಮಕ್ಕಳು ನಮ್ಮನ್ನು ಕಂಡು ತಬ್ಬಿಬ್ಬಾದರು. ಆಮೇಲೆ ಬೋರ್ಡಿನ ಮೇಲಿದ್ದ ಲೆಕ್ಕ ನೋಡಿ, ಒಬ್ಬೊಬ್ಬರಾಗಿ ನೋಟ್‌ಬುಕ್ ಬಿಚ್ಚಿ ಬರೆದುಕೊಳ್ಳತೊಡಗಿದರು. ಹಾಲ್ ಟಿಕೆಟ್ಟು ಇನ್ನೂ ಹೆಡ್ಮಾಸ್ಟರ ಜೇಬಿನಲ್ಲೇ ಇತ್ತು.