ಇಪ್ಪತ್ತಮೂರನೆಯ ಬಸವನಹುಳು

ಬಸವನಹುಳುವಿಗೆ ಅವಸರವಿಲ್ಲ. ಅವಸರವೆಲ್ಲ ಅದನ್ನು ನೋಡುವವರಿಗೆ. ಸಂಶೋಧಕಿಗೆ ಇದು ಅರ್ಥವಾಗುವಷ್ಟರಲ್ಲಿ ಪ್ರಬಂಧ ಬರೆದು ಮುಗಿದಿತ್ತು.

ಅವಳ ಪ್ರಶ್ನೆ ತೀರ ಸಣ್ಣದು. ಪ್ರಯೋಗಾಲಯದ ಹಿಂದಿನ ಗೋಡೆಯಲ್ಲಿ ಬದುಕುವ ಬಸವನಹುಳುಗಳನ್ನು ಹತ್ತು ಮೀಟರು ಆಚೆ ಬಿಟ್ಟರೆ ತಮ್ಮ ಗೋಡೆಗೇ ವಾಪಸು ಬರುತ್ತವೆಯೇ? ನಲವತ್ತು ಹುಳುಗಳ ಚಿಪ್ಪಿನ ಮೇಲೆ ಉಗುರುಬಣ್ಣದಲ್ಲಿ ಅಂಕಿ ಬರೆದು, ಊರವರು ಓಡಾಡುವ ಕಾಲುದಾರಿಯಾಚೆ ಬಿಟ್ಟಳು. ಮೊದಲ ತಿಂಗಳು ಬಂದದ್ದು ಏಳೇ ಏಳು. ಆ ಬೇಜಾರಿನಲ್ಲೇ ಒಂದು ಬೆಳಿಗ್ಗೆ ಫೋಟೊ ತೆಗೆದು ಜಾಲತಾಣಕ್ಕೆ ಹಾಕಿದಳು: "ಇಪ್ಪತ್ತಮೂರು ಮನೆಗೆ ಹೊರಟಿದೆ."

ಅಷ್ಟೇ ಸಾಕಾಯಿತು. ಸಂಜೆಯೊಳಗೆ ಲಕ್ಷ ಜನ ನೋಡಿದರು. ಲಾರಿ ಡ್ರೈವರೊಬ್ಬ "ನಾನೂ ಹೊರಟೆ" ಎಂದು ಬರೆದ. ಆಸ್ಪತ್ರೆಯಲ್ಲಿ ಮಲಗಿದ್ದವರೊಬ್ಬರು ದಿನಾ "ಎಲ್ಲಿಗೆ ಬಂತು?" ಎಂದು ಕೇಳತೊಡಗಿದರು.

ಮುಂದಿನ ತಿಂಗಳು ನಲವತ್ತನ್ನೂ ಮತ್ತೆ ಆಚೆ ಬಿಟ್ಟಾಗ ಮೂವತ್ತೊಂದು ಹುಳುಗಳು ಮನೆ ಸೇರಿದವು! ಮಳೆ ಚೆನ್ನಾಗಿದೆ, ಅದಕ್ಕೇ ಇರಬೇಕು ಎಂದುಕೊಂಡು ಸಂಶೋಧಕಿ ಹಿಗ್ಗಿ ಹೀರೇಕಾಯಿಯಾದಳು. ಪ್ರಬಂಧ ಅಚ್ಚಾದರೆ ಅವಳ ಕೆಲಸ ಇನ್ನೂ ಮೂರು ವರ್ಷ ಭದ್ರ.

ಅದನ್ನು ಕಳಿಸಬೇಕಾದ ದಿನ ಬೇಗ ಬಂದು ಕಿಟಕಿ ತೆರೆದಳು. ಸೋನೆ ಹಿಡಿದಿತ್ತು. ಬೆಳಕು ಇನ್ನೂ ನಿದ್ದೆಗಣ್ಣಿನಲ್ಲಿತ್ತು. ಕಾಲುದಾರಿಯಲ್ಲಿ ಕೊಡೆಗಳು ಸದ್ದಿಲ್ಲದೆ ತೇಲುತ್ತಿದ್ದವು. ಒಂದು ಕೊಡೆ ಬಗ್ಗಿತು, ಎದ್ದಿತು, ಗೋಡೆಯವರೆಗೆ ಹೋಗಿ ಮತ್ತೆ ಬಗ್ಗಿತು. ಹಿಂದೆಯೇ ಇನ್ನೊಂದು. ಕನಸೇ ಇರಬೇಕೆಂದು ಕಣ್ಣುಜ್ಜಿಕೊಂಡಳು. ಮೂರನೆಯ ಕೊಡೆಯ ಕಡ್ಡಿಯೊಂದು ಮುರಿದಿತ್ತು. ಅದು ಅವಳ ಮನೆಯದೇ.

ಅಮ್ಮ ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವಳು. ಓಡಿಬಂದ ಮಗಳನ್ನು ಕಂಡು ಅಂಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಅಮ್ಮಾ, ನೀನೂನಾ?"

"ಪಾಪ ಕಣೇ, ಎಷ್ಟು ದಿನ ಅಂತ ನಡೆಯುತ್ತೆ? ಇಳಿಯೋ ಸ್ಟಾಪು ಗೊತ್ತಿತ್ತಲ್ಲ, ಬಿಟ್ಟು ಬರ್ತಿದ್ದೆ. ನಾನೊಬ್ಬಳೇನಾ? ದಿನಾ ಬೆಳಿಗ್ಗೆ ಇಲ್ಲಿ ಕ್ಯೂ ಇರುತ್ತೆ!"

ಸಂಶೋಧಕಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸುಳ್ಳನ್ನು ಅರಗಿಸಿಕೊಳ್ಳುವ ಹೊಟ್ಟೆ ಅವಳದಲ್ಲ. ಪ್ರಬಂಧವನ್ನು ತಡೆದು, "ಎತ್ತಿ ಬಿಟ್ಟವರು ಹೇಳಿ, ಬೈಯುವುದಿಲ್ಲ" ಎಂದು ಜಾಲತಾಣದಲ್ಲಿ ಬರೆದಳು. ಮೂವತ್ತೊಂದು ಹುಳುಗಳಿಗೆ ಎಪ್ಪತ್ತು ಜನ ತಪ್ಪೊಪ್ಪಿಕೊಂಡರು. ಕೆಲವರು ಸಂಕೋಚಪಟ್ಟು ನಾಲ್ಕೇ ಹೆಜ್ಜೆ ದಾಟಿಸಿದ್ದರಂತೆ. ಉಳಿದ ದಾರಿ ಹಿಂದೆ ಬಂದವರ ಪಾಲು.

ವಿಭಾಗದ ಮುಖ್ಯಸ್ಥರು ತಲೆ ಚಚ್ಚಿಕೊಂಡರು. "ಏಳು ಬಂದ್ರೆ ಆಕಸ್ಮಿಕ ಅಂತಾರೆ. ಇನ್ನೊಂದು ತಿಂಗಳು ಕೊಡ್ತೀನಿ. ಯಾರೂ ಮುಟ್ಟದೆ ಹತ್ತಾದ್ರೂ ಬರಬೇಕು. ಇಲ್ಲಾಂದ್ರೆ ನಿಮ್ಮ ಕೆಲಸ ಇಲ್ಲಿಗೇ ಮುಗೀತು."

ನಲವತ್ತನ್ನೂ ಮತ್ತೊಮ್ಮೆ ಆಚೆ ಬಿಟ್ಟು, "ದಯವಿಟ್ಟು ಮುಟ್ಟಬೇಡಿ" ಎಂದು ಅವಳು ಬರೆದಳು. ಜನ ಮಾತು ಕೇಳಿದರು.

ತಿಂಗಳ ಕೊನೆಯ ಬೆಳಿಗ್ಗೆ ಒಂಬತ್ತು ಮನೆ ಸೇರಿದ್ದವು. ಇಪ್ಪತ್ತಮೂರು ಗೋಡೆಗೆ ಗೇಣು ದೂರದಲ್ಲಿತ್ತು. ಸುತ್ತ ಕೊಡೆಗಳು. ಎಲ್ಲರ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಬೆನ್ನ ಹಿಂದೆ. ಆಸ್ಪತ್ರೆಯಲ್ಲಿ ಮಲಗಿದ್ದವರಿಗಾಗಿ ಯಾರೋ ಫೋನು ಹಿಡಿದಿದ್ದರು. ಹುಳು ನಿಂತಿತು, ಕೊಂಬು ಆಡಿಸಿತು, ಮೆಲ್ಲಗೆ ಬೀದಿಯ ಕಡೆಗೆ ತಿರುಗಿತು.

"ಅಯ್ಯೋ, ಆ ಕಡೆ ಅಲ್ಲ ಕಣೋ!" ಎಂದು ಲಾರಿ ಡ್ರೈವರು ಗೋಗರೆದ.

ಅಮ್ಮ ಥಟ್ಟನೆ ಬಗ್ಗಿ ಒಂದು ಕೈ ಹಿಡಿದಳು. ಚಿಪ್ಪಿಗೆ ಬೆರಳಷ್ಟು ದೂರಕ್ಕೆ ಚಾಚಿದ್ದ ಆ ಕೈ ಮಗಳದೇ.

"ಬಿಡೇ," ಎಂದಳು ಅಮ್ಮ. "ಎಲ್ಲಿ ಇಳೀಬೇಕು ಅಂತ ಅದಕ್ಕೇ ಗೊತ್ತು."

ಸಂಶೋಧಕಿ ಕೈ ಹಿಂದಕ್ಕೆ ಎಳೆದುಕೊಂಡಳು. ಕಣ್ಣು ಒರೆಸಿಕೊಂಡು, ಪುಸ್ತಕ ತೆರೆದು, ಒಂಬತ್ತು ಎಂದು ಬರೆದಳು.